ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ವಿದ್ಯಾರ್ಥಿನಿ

"ಡಿಗ್ರಿ ಕೊಡೂದಿಲ್ಲ ಅಂದಮ್ಯಾಲ ಅಲ್ಲಿಗ್ಯಾಕ ಹೋಗ್ತಿ?" ಅಂತ ಕೇಳಿದವರು ನಮ್ಮ ಅತ್ತೆ. "ಆ ಸರ್ಟಿಫಿಕೇಟ್ ತೋರಿಸಿದ್ರ ನೌಕರಿ ಸಿಗ್ತದೇನು?" ಅಂದವರು ಪಕ್ಕದ ಮನೆಯ ಕಾಕಾ. ಡ್ರಾಯಿಂಗ್ ಬೋರ್ಡ್ ಹಿಡಿದು ಬಸ್ ಹತ್ತಿದಾಗ ಕಂಡಕ್ಟರ್ ಕೇಳಿದ್ದು ಇನ್ನೂ ಸರಳ ಪ್ರಶ್ನೆ: "ಮಗಳದೇನ್ರಿ ಅಕ್ಕಾರ, ಈ ಹಲಗಿ?" ಅಲ್ಲ, ನನ್ನದೇ ಅಂದೆ. ಅವರು ಒಂದು ಸಲ ಬೋರ್ಡ್ ನೋಡಿದರು, ಒಂದು ಸಲ ನನ್ನ ತಲೆಯ ಬಿಳಿ ಕೂದಲು ನೋಡಿದರು, ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು.

ಹೋದ ವರ್ಷ ಜುಲೈನಿಂದ ಡಿಸೆಂಬರ್ ತನಕ ವಾರಕ್ಕೆ ಮೂರು ದಿನ ಕಮಲಾಪುರದಿಂದ ಕಲಬುರಗಿಗೆ ಹೋಗಿ ಒಂದು ಚಿತ್ರಕಲಾ ಕಾಲೇಜಿನಲ್ಲಿ ಕಲಿತೆ. ಪದವಿಗೆ ಸೇರಿದ್ದಲ್ಲ. ಆರು ತಿಂಗಳ ಅಲ್ಪಾವಧಿ ಅಭ್ಯಾಸಕ್ಕೆ ಪ್ರಾಚಾರ್ಯರ ಅನುಮತಿ ಪಡೆದು, ಮೊದಲ ವರ್ಷದ ಮಕ್ಕಳ ಜೊತೆ ಹಿಂದಿನ ಸಾಲಿನಲ್ಲಿ ಕೂತು ಕಲಿತದ್ದು. ಅಂದಿನಿಂದ ಊರಿನಲ್ಲೂ ಬೀಗರ ಪೈಕಿಯಲ್ಲೂ ಹಲವರು, ಅದರಲ್ಲೂ ಹೆಣ್ಣುಮಕ್ಕಳು, ವಿಚಾರಿಸುತ್ತಿದ್ದಾರೆ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಒಟ್ಟುಮಾಡಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಒಂದೆರಡು ಮಾತು ಖಾರವಾಗಿವೆ, ಅಲ್ಲಿನ ಮೇಷ್ಟ್ರುಗಳ ಮೇಲೆ ನನಗೆ ಗೌರವವೂ ಇದೆ.

ನನ್ನ ಕಾರಣ ಇಷ್ಟೇ. ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಮದುವೆ ಸೀಸನ್ನಿನಲ್ಲಿ ಆರಿ ವರ್ಕ್ ಹಿಡಿಯುತ್ತೇನೆ. ಅಂಗಡಿಯಲ್ಲಿ ಸಿಗುವ ಟ್ರೇಸಿಂಗ್ ಹಾಳೆಗಳಲ್ಲಿ ಅದೇ ನವಿಲು, ಅದೇ ಮಾವಿನಕಾಯಿ, ಅದೇ ಆನೆ. ಹುಮನಾಬಾದಿನ ಮದುಮಗಳ ಬೆನ್ನಿನ ಮೇಲೂ ಆ ನವಿಲೇ, ಕಲಬುರಗಿಯ ಮದುಮಗಳ ಬೆನ್ನಿನ ಮೇಲೂ ಅದೇ. ಗಿರಾಕಿಗಳು ಬರಬರುತ್ತಾ ಫೋನಿನಲ್ಲಿ ಚಿತ್ರ ತೋರಿಸಿ "ಇದರಂಗ ಬ್ಯಾಡ, ಬ್ಯಾರೆ ಏನರ ಹಾಕ್ರಿ" ಅನ್ನತೊಡಗಿದರು. ಆ 'ಬ್ಯಾರೆ ಏನರ' ಎಲ್ಲಿಂದ ತರುವುದು? ಕೈಯಲ್ಲಿ ಬರೆಯಲು ಬರಬೇಕು. ಸೂಜಿ ಹಿಡಿದ ಕೈಗೆ ಪೆನ್ಸಿಲ್ ಹಿಡಿಯಲು ಬರುತ್ತಿರಲಿಲ್ಲ.

ಕಲಿಯುವವರಿಗೆ ಬಾಗಿಲು ಮೊದಲೂ ಇತ್ತು

ಕಲಬುರಗಿ ಅಂದರೆ ತೊಗರಿ, ಬಿಸಿಲು, ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ ಅಂತ ಹೊರಗಿನವರು ಎಣಿಸುತ್ತಾರೆ. ಇದು ಚಿತ್ರ ಬರೆಯುವವರ ಊರು ಅನ್ನುವುದು ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೂ ಗೊತ್ತಿಲ್ಲ. ಡಾ. ಎಸ್.ಎಂ. ಪಂಡಿತ ರಂಗಮಂದಿರಕ್ಕೆ ನಾಟಕ ನೋಡಲು, ಸಭೆ-ಸಮಾರಂಭಕ್ಕೆ ನಾವೆಲ್ಲ ಹೋಗಿದ್ದೇವೆ. ಆ ಪಂಡಿತರು 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಸಾಂಬಾನಂದ ಮೋನಪ್ಪ ಪಂಡಿತರು. ಹಿಂದಿ ಸಿನಿಮಾದ ಪೋಸ್ಟರುಗಳಿಗೂ, ಕ್ಯಾಲೆಂಡರಿನ ದೇವರ ಚಿತ್ರಗಳಿಗೂ ಹೆಸರಾದವರು. ನಮ್ಮ ಅಜ್ಜಿಯಂದಿರು ಮೊಳೆ ಹೊಡೆದು ತೂಗುಹಾಕಿ ಕುಂಕುಮ ಹಚ್ಚಿದ ಕ್ಯಾಲೆಂಡರುಗಳಲ್ಲಿ ಅವರ ಕೈಯ ದೇವರುಗಳು ಎಷ್ಟಿದ್ದವೋ.

ಪಂಡಿತರು ಮುಂಬೈಯಲ್ಲಿ ಕಲಿತ ಜಾಗಗಳಲ್ಲಿ ನೂತನ ಕಲಾ ಮಂದಿರ ಒಂದು. ಅದನ್ನು ನಡೆಸುತ್ತಿದ್ದವರು ಕನ್ನಡಿಗರೇ ಆದ ದಂಡಾವತಿಮಠ ಅವರು. ಉಡುಪಿ ಕಡೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ ಅಲ್ಲಿ ಕಲಿತವರೇ. ಅದು ಜೆ.ಜೆ. ಕಲಾಶಾಲೆಯಂಥ ದೊಡ್ಡ ಸರ್ಕಾರಿ ಸಂಸ್ಥೆ ಆಗಿರಲಿಲ್ಲ, ಖಾಸಗಿ ತರಗತಿ. ಅಂದರೆ ನಮ್ಮ ದೊಡ್ಡ ಚಿತ್ರಕಾರರ ಕಥೆಯಲ್ಲೂ ಡಿಪ್ಲೊಮಾದ ಆಚೆಗೊಂದು ಕೋಣೆ ಇದೆ, ಆ ಕೋಣೆಯಲ್ಲಿ ಕಲಿಸುವವರು ಒಬ್ಬರಿದ್ದಾರೆ.

ಹೊರದೇಶದಲ್ಲೂ ಇದು ಹಳೆಯ ಪದ್ಧತಿ. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟದ್ದು 1897ರಲ್ಲಿ. ಅದಕ್ಕಿಂತ ಎಷ್ಟೋ ಮುಂಚೆ ಅಕಾಡೆಮಿ ಜೂಲಿಯಾನ್ ಎಂಬ ಖಾಸಗಿ ಚಿತ್ರಶಾಲೆ ಶುಲ್ಕ ಕೊಟ್ಟ ಹೆಣ್ಣುಮಕ್ಕಳಿಗೂ ಕುರ್ಚಿ ಹಾಕಿಕೊಟ್ಟಿತ್ತು. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್ 1875ರಿಂದ ನಡೆಯುತ್ತಿದೆ, ಅಲ್ಲಿ ಪದವಿ ಅನ್ನುವುದೇ ಇಲ್ಲ. ಇದನ್ನೆಲ್ಲ ನಾನು ಅತ್ತೆಗೆ ಹೇಳಲಿಲ್ಲ ಬಿಡಿ. ಹೇಳಿದ್ದರೆ "ಪ್ಯಾರಿಸ್ಸಿಗೇ ಹೋಗು" ಅನ್ನುತ್ತಿದ್ದರು.

ಎಲ್ಲೆಲ್ಲಿ ಕೇಳಬಹುದು

ಕಲಬುರಗಿಯಲ್ಲಿ ದೃಶ್ಯಕಲೆ ಕಲಿಸುವ ಸಂಸ್ಥೆಗಳು ಒಂದಲ್ಲ, ಹಲವು. ಎಂ.ಎಂ.ಕೆ. ದೃಶ್ಯಕಲಾ ಕಾಲೇಜು ಇದೆ, ಐಡಿಯಲ್ ಫೈನ್ ಆರ್ಟ್ ಸಂಸ್ಥೆ ಇದೆ. ಜೆ.ಎಸ್. ಖಂಡೇರಾವ್, ವಿ.ಜಿ. ಅಂದಾನಿ ಅವರಂಥ ಹಿರಿಯರ ಕೈಕೆಳಗೆ ಕಲಿತವರು ಈ ಭಾಗದ ಎಷ್ಟೋ ಶಾಲೆಗಳಲ್ಲಿ ಇಂದು ಮೇಷ್ಟ್ರಾಗಿದ್ದಾರೆ. ಗುಲಬರ್ಗಾ ವಿಶ್ವವಿದ್ಯಾಲಯ, ಶರಣಬಸವ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇವುಗಳಲ್ಲೂ ಕಲಾ ವಿಭಾಗಗಳಿವೆ.

ಈ ಸಂಸ್ಥೆಗಳ ಮುಖ್ಯ ಕೆಲಸ ಪದವಿ ಕೊಡುವುದು. ದೃಶ್ಯಕಲಾ ಪದವಿ, ಅಂದರೆ ಬಿ.ವಿ.ಎ., ಪಿಯುಸಿ ಆದಮೇಲೆ ನಾಲ್ಕು ವರ್ಷದ ಓದು. ಮೊದಲ ವರ್ಷ ಫೌಂಡೇಶನ್: ರೇಖಾಚಿತ್ರ, ಬಣ್ಣ, ಮಣ್ಣಿನ ಕೆಲಸ, ಅಕ್ಷರ ಬರೆಯುವುದು ಎಲ್ಲವೂ ಸ್ವಲ್ಪ ಸ್ವಲ್ಪ. ಆಮೇಲೆ ಪೇಂಟಿಂಗ್, ಶಿಲ್ಪ, ಅಪ್ಲೈಡ್ ಆರ್ಟ್ ಅಂತ ಕವಲು ಒಡೆಯುತ್ತದೆ. ನನ್ನಂಥವರಿಗೆ ಬೇಕಾದದ್ದು ಆ ಫೌಂಡೇಶನ್ ವರ್ಷದ ಅರ್ಧದಷ್ಟು ಮಾತ್ರ.

ಅದಕ್ಕೆ ನೋಟಿಸ್ ಬೋರ್ಡಿನಲ್ಲಿ ಜಾಹೀರಾತು ಹುಡುಕಬೇಡಿ. ಅಲ್ಪಾವಧಿಯ ಕೋರ್ಸು ಕೆಲವು ವರ್ಷ ಇರುತ್ತದೆ, ಕೆಲವು ವರ್ಷ ಇರುವುದಿಲ್ಲ. ಎಷ್ಟು ಜನ ಕೇಳಿದರು, ಮೇಷ್ಟ್ರಿಗೆ ಬಿಡುವು ಇದೆಯೇ, ಕೋಣೆ ಖಾಲಿ ಇದೆಯೇ ಅನ್ನುವುದರ ಮೇಲೆ ಅದು ನಿಂತಿದೆ. ನಾನು ಬಿಳಿ ಹಾಳೆಯಲ್ಲಿ ಪ್ರಾಚಾರ್ಯರಿಗೆ ಅರ್ಜಿ ಬರೆದೆ. ಏನು ಕಲಿಯಬೇಕು, ಯಾಕೆ, ವಾರಕ್ಕೆ ಎಷ್ಟು ದಿನ ಬರಬಲ್ಲೆ ಅಂತ ಮೂರು ಸಾಲು. ಜೊತೆಗೆ ನಾನು ಮಾಡಿದ ಆರಿ ವರ್ಕಿನ ಎರಡು ತುಂಡು ಬಟ್ಟೆ ಒಯ್ದಿದ್ದೆ. ಕಚೇರಿಯ ಕಿಟಕಿಯಲ್ಲಿ ಕೂತವರು "ಅಂಥಾದ್ದೇನೂ ನಮ್ಮಲ್ಲಿ ಇಲ್ರಿ" ಅಂದಿದ್ದರು. ಒಳಗೆ ಹೋಗಿ ಬಟ್ಟೆ ಬಿಚ್ಚಿ ತೋರಿಸಿದಾಗ ಇತ್ತು. ಕಿಟಕಿಯಲ್ಲಿ ಕೂತವರಿಗೆ ಗೊತ್ತಿರುವುದು ಫಾರ್ಮಿನಲ್ಲಿ ಅಚ್ಚಾದ ಕೋರ್ಸು. ಕೋಣೆಯಲ್ಲಿ ಸ್ಟೂಲು ಖಾಲಿ ಇದೆಯೇ ಅನ್ನುವುದು ಮೇಷ್ಟ್ರಿಗೆ ಗೊತ್ತಿರುತ್ತದೆ.

2021-22ರಿಂದ ಕೆಲವು ವರ್ಷ ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ ಒಂದು ವರ್ಷ ಓದಿ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಪಡೆದು ಹೊರಬರುವ ಪದ್ಧತಿ ಇತ್ತು. 2024-25ರಿಂದ ರಾಜ್ಯ ಮತ್ತೆ ಹಳೆಯ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ "ಒಂದು ವರ್ಷ ಓದಿ ಬಿಟ್ಟರೂ ಕಾಗದ ಸಿಗುತ್ತದೆ" ಅಂತ ಯಾರಾದರೂ ಹೇಳಿದರೆ ಆಯಾ ವಿಶ್ವವಿದ್ಯಾಲಯದಲ್ಲೇ ವಿಚಾರಿಸಿ ನಂಬಿ. ಮನೆಯಲ್ಲೇ ಕೂತು ಕಲಿಯುವವರಿಗೆ ಕೇಂದ್ರ ಸರ್ಕಾರದ 'ಸ್ವಯಂ' ಇದೆ. ಕಲಿಯಲು ಶುಲ್ಕವಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಹಣ. ಕಲೆಯ ಇತಿಹಾಸ ತಿಳಿಯಲು ಅದು ಸಾಕು. ಕೈ ತಿದ್ದಿಕೊಳ್ಳಲು ಸಾಲದು. ಯೂಟ್ಯೂಬಿನ ಬಗ್ಗೆಯೂ ನನ್ನ ಮಾತು ಇದೇ. ವಿಡಿಯೊದಲ್ಲಿ ನಾವು ಅವರ ಕೈ ನೋಡುತ್ತೇವೆ. ನಮ್ಮ ಕೈಯನ್ನು ಅವರು ನೋಡುವುದಿಲ್ಲ.

ಬಸ್ಸು, ಬೋರ್ಡು

ಕಮಲಾಪುರದಿಂದ ಕಲಬುರಗಿಗೆ ಸುಮಾರು ಮೂವತ್ತೈದು ಕಿಲೋಮೀಟರ್. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ತೆರೆದು ನಮ್ಮೂರಿಗೂ ಸ್ಟೇಷನ್ ಬಂತು, ಆದರೆ ತರಗತಿಯ ವೇಳೆಗೆ ಕೂಡಿಬಂದದ್ದು ಬಸ್ಸೇ. ವಾರಕ್ಕೆ ಮೂರು ದಿನ ಹೋಗಿಬರುವ ಖರ್ಚು ಆರು ತಿಂಗಳಿಗೆ ಲೆಕ್ಕ ಹಾಕಿದರೆ ಕೋರ್ಸಿನ ಶುಲ್ಕಕ್ಕಿಂತ ಹೆಚ್ಚಾಗುತ್ತಿತ್ತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಇಲ್ಲದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಹೆಣ್ಣುಮಕ್ಕಳು ಬಿಟ್ಟಿ ತಿರುಗುತ್ತಾರೆ ಅಂತ ಚೇಷ್ಟೆ ಮಾಡುವವರು ಬೆಳಗಿನ ಹೊತ್ತು ಆ ಬಸ್ಸು ಹತ್ತಿ ನೋಡಲಿ. ನರ್ಸಿಂಗ್ ಹುಡುಗಿಯರು, ಅಂಗಡಿಯಲ್ಲಿ ಕೆಲಸಕ್ಕೆ ಹೋಗುವವರು, ಆಸ್ಪತ್ರೆಗೆ ಹೊರಟ ಮುದುಕಿಯರು, ಎಲ್ಲರ ನಡುವೆ ನನ್ನ ಬೋರ್ಡು.

ಬೋರ್ಡಿನದೇ ದೊಡ್ಡ ಕಷ್ಟ. ಹುಮನಾಬಾದ್ ಕಡೆಯಿಂದ ಬರುವ ಬಸ್ಸು ಕಮಲಾಪುರಕ್ಕೆ ಬರುವಷ್ಟರಲ್ಲಿ ತುಂಬಿರುತ್ತದೆ. ಅರ್ಧ ಇಂಪೀರಿಯಲ್ ಹಾಳೆ ಹಿಡಿಸುವ ಹಲಗೆ ಯಾರ ಮೊಣಕಾಲಿಗಾದರೂ ಬಡಿಯದೆ ಇರುವುದಿಲ್ಲ. ಎರಡನೆಯ ವಾರ ಮೇಷ್ಟ್ರ ಹತ್ತಿರ ಕೇಳಿ ಅದನ್ನು ಕಾಲೇಜಿನ ಕಪಾಟಿನ ಹಿಂದೆ ಇಟ್ಟುಬರಲು ಶುರು ಮಾಡಿದೆ. ಮನೆಯಲ್ಲಿ ಅಭ್ಯಾಸಕ್ಕೆ ರಟ್ಟಿನ ತುಂಡಿಗೆ ಎರಡು ಕ್ಲಿಪ್ ಹಾಕಿದರೆ ಸಾಕು. ಸಾಮಾನಿಗೆ ಬಹಳ ದುಡ್ಡು ಸುರಿಯಬೇಡಿ. ಕಾರ್ಟ್ರಿಜ್ ಹಾಳೆ, 2ಬಿ, 4ಬಿ, 6ಬಿ ಪೆನ್ಸಿಲು, ಒಳ್ಳೆಯ ರಬ್ಬರು, ಒಂದು ಡಬ್ಬಿ ಜಲವರ್ಣ, ಮೂರು ಬ್ರಷ್. ಹಾಳೆ ಮತ್ತು ಬ್ರಷ್ಷಿನಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಬ್ರಷ್ ಕೂದಲು ಉದುರಿಸುತ್ತದೆ, ಅಗ್ಗದ ಹಾಳೆ ನೀರು ಬಿದ್ದರೆ ಹಪ್ಪಳ ಆಗುತ್ತದೆ.

ಕಲಿತದ್ದು

ಮೊದಲ ದಿನವೇ ನವಿಲು ಬರೆಯಲು ಕೂತೆ. ಮೇಷ್ಟ್ರು ನಕ್ಕು, ಆ ಹಾಳೆ ತೆಗೆದು ಪಕ್ಕಕ್ಕಿಟ್ಟು, ಮುಂದೊಂದು ಕಟ್ಟಿಗೆಯ ಚೌಕವನ್ನೂ ಒಂದು ತಂಬಿಗೆಯನ್ನೂ ಇಟ್ಟರು. "ನವಿಲು ಎಲ್ಲಿಗೂ ಓಡಿಹೋಗೂದಿಲ್ರಿ. ಮೊದಲು ಈ ತಂಬಿಗಿ ನೆಲದ ಮ್ಯಾಲ ಕೂಡ್ರಲಿ." ಮೂರು ವಾರ ತಂಬಿಗೆ ಹಾಳೆಯ ಮೇಲೆ ತೇಲುತ್ತಲೇ ಇತ್ತು. ಅದರ ಬಾಯಿ ದುಂಡಗೆ ಕಾಣುವುದಿಲ್ಲ, ಮೊಟ್ಟೆಯಾಕಾರ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ಎತ್ತಿದಷ್ಟೂ ಆ ಮೊಟ್ಟೆ ಚಪ್ಪಟೆಯಾಗುತ್ತದೆ. ದಿನಾ ನೀರು ಕುಡಿಯುವ ತಂಬಿಗೆಯನ್ನು ಹೀಗೆ ನೋಡಿಯೇ ಇರಲಿಲ್ಲ. ನೆರಳು ಬರೆದ ದಿನ ಅದು ಕೂತಿತು. ನೆರಳೇ ವಸ್ತುವನ್ನು ನೆಲಕ್ಕೆ ಕಟ್ಟುವ ಹಗ್ಗ ಅಂತ ಮೇಷ್ಟ್ರು ಹೇಳಿದ್ದು ಆಗ ತಲೆಗೆ ಹೋಯಿತು.

ಸಹಪಾಠಿಗಳೆಲ್ಲ ಹದಿನೆಂಟು-ಹತ್ತೊಂಬತ್ತರವರು. ನನ್ನನ್ನು ಮೊದಲ ವಾರ 'ಮೇಡಂ' ಅಂದರು, ಮಾದರಿಯಾಗಿ ಕೂರಲು ಬಂದವರು ಅಂದುಕೊಂಡಿದ್ದರಂತೆ. ಎರಡನೆಯ ವಾರದಿಂದ 'ಆಂಟಿ'. ಜೋಳದ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿಯಲ್ಲಿ ಒಯ್ಯತೊಡಗಿದ ಮೇಲೆ 'ಅಕ್ಕಾ' ಆದೆ.

ಬಣ್ಣದ ತರಗತಿಗೆ ನಮ್ಮೂರಿನ ಕೆಂಪು ಬಾಳೆಹಣ್ಣು ತರಲು ಮೇಷ್ಟ್ರೇ ಹೇಳಿದರು. ಕಮಲಾಪುರದ ಬಾಳೆ ಜಿಐ ಟ್ಯಾಗ್ ಪಡೆದ ಬೆಳೆ, ಬೇರೆ ಬಾಳೆಗಿಂತ ಹೆಚ್ಚು ಕಾಲ ಬೇಡುವ ಬೆಳೆ, ಬೆಲೆಯೂ ಹಾಗೇ. ಅರ್ಧ ಡಜನ್ ಒಯ್ದು ಬಿಳಿ ಬಟ್ಟೆಯ ಮೇಲೆ ಇಟ್ಟೆವು. ಹುಡುಗರೆಲ್ಲ ಡಬ್ಬಿಯ ಕೆಂಪು ತೆಗೆದು ಬಳಿದರು, ಮೆಣಸಿನಕಾಯಿ ಆಯಿತು. ಮೇಷ್ಟ್ರು ನನ್ನ ಕಡೆ ತಿರುಗಿ "ನೀವು ಇದರಾಗ ಹುಟ್ಟಿ ಬೆಳೆದವರು, ಯಾವ ಬಣ್ಣ ಅದ ಹೇಳ್ರಿ" ಅಂದರು. ನಾನು ಬಣ್ಣದ ಹೆಸರು ಹೇಳಲಿಲ್ಲ. ಹಣ್ಣಾಗುವ ಮೊದಲು ಅದು ಒಣ ರಕ್ತದಂತಿರುತ್ತದೆ, ತೊಟ್ಟಿನ ಹತ್ತಿರ ಹಸಿರು ಒಳಗಿನಿಂದ ಇಣುಕುತ್ತದೆ, ಹಣ್ಣಾದಮೇಲೆ ಬೆಲ್ಲದ ಕಡೆಗೆ ತಿರುಗುತ್ತದೆ, ನೆರಳಿನ ಬದಿ ಬದನೆಕಾಯಿಯ ಹಾಗೆ ಅಂದೆ. ಆ ಮಾತಿನ ಮೇಲೇ ಇಡೀ ತರಗತಿ ಬಣ್ಣ ಕಲಸಿತು. ಕಡುಗೆಂಪಿಗೆ ಸುಟ್ಟ ಮಣ್ಣಿನ ಬಣ್ಣ, ಅದಕ್ಕೆ ಒಂದು ಚಿಟಿಕೆ ಹಸಿರು. ಕೆಂಪಿಗೆ ಹಸಿರು ಬೆರೆಸಿದರೆ ಕೆಂಪಿನ ಕೂಗು ಇಳಿಯುತ್ತದೆ. ಬ್ಲೌಸಿಗೆ ದಾರ ಆರಿಸುವಾಗ ಇದು ನನಗೆ ಎಷ್ಟು ಕೆಲಸಕ್ಕೆ ಬರುತ್ತಿದೆ ಅಂದರೆ, ಈಗ ಮರೂನ್ ಬಟ್ಟೆಗೆ ಬಂಗಾರದ ಪಕ್ಕ ಎಲೆಹಸಿರು ದಾರ ಒಂದೆಳೆ ಹಾಕಿಯೇ ಹಾಕುತ್ತೇನೆ.

ಕೆಂಪು ಬಾಳೆಹಣ್ಣು ಆಮೇಲೆ ಹಂಚಿಕೊಂಡು ತಿಂದೆವು. ಅಷ್ಟರಲ್ಲಿ ಕೆಲವರ ಚಿತ್ರ ಮುಗಿದಿರಲಿಲ್ಲ, ಅದು ಬೇರೆ ಮಾತು.

ಅಕ್ಟೋಬರಿನಲ್ಲಿ ಕೋಟೆಯೊಳಗಿನ ಜಾಮಾ ಮಸೀದಿಗೆ ಕರೆದೊಯ್ದರು. 1367ರ ಕಟ್ಟಡ. ಬೇರೆ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ, ಇಲ್ಲಿ ಅಂಗಳಕ್ಕೂ ಗುಮ್ಮಟಗಳ ಸೂರು. ಪಕ್ಕದ ಓಣಿಯಂಥ ಸಾಲಿನಲ್ಲಿ ಕಂಬಗಳು ಗಿಡ್ಡ, ಕಮಾನುಗಳು ಅಗಲವೋ ಅಗಲ. ಒಂದರ ಹಿಂದೆ ಒಂದು, ಒಂದರೊಳಗೆ ಒಂದು. ಪರ್‌ಸ್ಪೆಕ್ಟಿವ್ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕ ಬೇಕಿಲ್ಲ. ನಿಂತು ನೋಡಿದರೆ ಕಮಾನುಗಳ ಬುಡದ ಗೆರೆಗಳೆಲ್ಲ ಒಂದು ಚುಕ್ಕಿಯ ಕಡೆ ಓಡುತ್ತವೆ. ನೆಲದ ಮೇಲೆ ಕೂತರೆ ಆ ಚುಕ್ಕಿಯೂ ನಿಮ್ಮ ಜೊತೆ ಕೆಳಗೆ ಇಳಿದು ಕೂರುತ್ತದೆ. ಮೂರು ತಾಸು ಕೂತೆ, ಕಾಲು ಜೋಮು ಹಿಡಿಯಿತು, ಐದು ಕಮಾನು ಬರೆದೆ. ಅದೇ ತಿಂಗಳು ಹಫ್ತ್ ಗುಂಬಜ್ ಗೋರಿಗಳಿಗೂ ಹೋದೆವು. ಅಲ್ಲಿನ ಗಾರೆಯ ಹೂಬಳ್ಳಿಗಳನ್ನು ಬರೆದುಕೊಂಡ ಪುಸ್ತಕವೇ ಈಗ ನನ್ನ ಡಿಸೈನ್ ಪುಸ್ತಕ. ಹೋದ ಮೇ ತಿಂಗಳ ಮದುವೆಯೊಂದರಲ್ಲಿ ಅಲ್ಲಿನ ಒಂದು ದುಂಡು ಹೂವು ಬ್ಲೌಸಿನ ಬೆನ್ನಿನ ಮೇಲೆ ಕೂತಿತು. "ಎಲ್ಲಿಂದ ತೆಗೆದ್ರಿ ಇದನ್ನ?" ಅಂತ ಹುಡುಗಿಯ ತಾಯಿ ಕೇಳಿದಾಗ, ಆರುನೂರು ವರ್ಷದ ಹಿಂದಿನ ಸುಲ್ತಾನರ ಗೋರಿಯಿಂದ ಅಂತ ಮದುವೆ ಮನೆಯಲ್ಲಿ ಹೇಳುವುದು ಹೇಗೆ? "ಕಲಬುರಗಿದೇ ಅದ ರೀ" ಅಂದೆ.

ಗೋಡೆಗೆ ಹಚ್ಚಿದ ಶನಿವಾರ

ಈಗ ಖಾರದ ಮಾತು. ತಿಂಗಳ ಕೊನೆಯ ಶನಿವಾರ ಎಲ್ಲರ ಕೆಲಸ ಗೋಡೆಗೆ ಹಚ್ಚುತ್ತಿದ್ದರು. ಇಬ್ಬರು-ಮೂವರು ಮೇಷ್ಟ್ರು ಒಂದೊಂದರ ಮುಂದೆ ನಿಂತು, ಎಲ್ಲಿ ಸರಿ, ಎಲ್ಲಿ ತಪ್ಪು, ಮುಂದಿನ ತಿಂಗಳು ಏನು ಮಾಡಬೇಕು ಅಂತ ಎಲ್ಲರ ಎದುರಿಗೇ ಹೇಳುವುದು. ಮೊದಲ ಸಲ ನಾನೂ ಎರಡು ಹಾಳೆ ಹಚ್ಚಿದ್ದೆ. ಹಾಜರಿ ಪುಸ್ತಕ ಹಿಡಿದು ರೋಲ್ ನಂಬರಿನ ಪ್ರಕಾರ ಕರೆಯುತ್ತಾ ಹೋದರು. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಎಲ್ಲರದೂ ಮುಗಿಯಿತು, ಮೇಷ್ಟ್ರುಗಳು ಚಹಾಕ್ಕೆ ಹೋದರು. ನನ್ನ ತಂಬಿಗೆ ಗೋಡೆಯ ಮೇಲೆ ಹಾಗೇ ಉಳಿಯಿತು. ಎರಡನೆಯ ತಿಂಗಳೂ ಹಾಗೇ. ವಿಚಾರಿಸಿದರೆ ವಿಭಾಗದ ಹಿರಿಯರು ಕೊಟ್ಟ ಉತ್ತರ, "ಇದು ಇಂಟರ್ನಲ್ ಮಾರ್ಕ್ಸಿಂದು ಅಮ್ಮ, ನಿಮಗ ಮಾರ್ಕ್ಸ್ ಇಲ್ಲಲ್ಲ."

ಅವರು ಸುಳ್ಳು ಹೇಳಲಿಲ್ಲ. ನಿಯಮ ಹಾಗೇ ಇದ್ದೀತು. ಆದರೆ ಶುಲ್ಕ ಕಟ್ಟಿಸಿಕೊಂಡು ಕೋಣೆಯೊಳಗೆ ಕೂರಿಸಿಕೊಂಡವರ ಕೆಲಸವನ್ನು ನೋಡುವುದಕ್ಕೆ ಅಂಕಪಟ್ಟಿ ಯಾಕೆ ಬೇಕು? ಅಂಕ ಬೇಕಿರುವವರು ನಾಲ್ಕು ವರ್ಷ ಅಲ್ಲೇ ಇರುತ್ತಾರೆ, ಇವತ್ತು ತಪ್ಪಿದ್ದು ನಾಳೆ ಸಿಗುತ್ತದೆ. ನಮ್ಮಂಥವರಿಗೆ ಇರುವುದೇ ಆರು ಶನಿವಾರ. ಎರಡು ಹೋದರೆ ಮೂರನೇ ಒಂದು ಪಾಲು ಹೋಯಿತು. ಮನೆಯಲ್ಲಿ ಕೂತು ಬರೆದು ನಾವೇ ನೋಡಿಕೊಳ್ಳುವುದಾದರೆ ಮೂವತ್ತೈದು ಕಿಲೋಮೀಟರ್ ಯಾಕೆ ಹೋಗಬೇಕು?

ಮೂರನೆಯ ಶನಿವಾರ ರೋಲ್ ನಂಬರುಗಳು ಮುಗಿದು ಪುಸ್ತಕ ಮುಚ್ಚುವಾಗ ಹಿಂದಿನಿಂದ ಒಂದು ಹುಡುಗಿ, ಅಫಜಲಪುರ ಕಡೆಯವಳು, ತರಗತಿಯಲ್ಲಿ ಬಾಯಿಯೇ ಬಿಡದವಳು, "ಸರ್, ಅಕ್ಕಂದು ಉಳೀತು" ಅಂದಳು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ತರಗತಿಯ ಮೇಷ್ಟ್ರು ತಿರುಗಿ ಬಂದು ನನ್ನ ಹಾಳೆಯ ಮುಂದೆ ನಿಂತರು. ಐದು ನಿಮಿಷ. ಗೆರೆ ಹೊಲಿಗೆಯ ಹಾಗೆ ಒಂದೇ ದಪ್ಪ ಬರುತ್ತಿದೆ, ದಾರಕ್ಕೆ ಅದು ಸರಿ, ಪೆನ್ಸಿಲಿಗೆ ಒತ್ತು ಬೇಕು, ಬೆಳಕು ಬೀಳುವ ಕಡೆ ಗೆರೆ ತೆಳ್ಳಗಾಗಬೇಕು, ಕೆಲವೆಡೆ ಕಳೆದುಹೋದರೂ ಪರವಾಗಿಲ್ಲ ಅಂದರು. ಇಪ್ಪತ್ತು ವರ್ಷ ಸೂಜಿ ಹಿಡಿದ ಕೈಯ ರೋಗವನ್ನು ಐದು ನಿಮಿಷದಲ್ಲಿ ನಾಡಿ ಹಿಡಿದು ಹೇಳಿದರು. ಆರು ತಿಂಗಳಿಗೆ ಕಟ್ಟಿದ ಹಣ ಆ ಐದು ನಿಮಿಷಕ್ಕೇ ಸಂದಾಯವಾಯಿತು. ಮುಂದಿನ ಶನಿವಾರಗಳಲ್ಲಿ ನನ್ನ ಹೆಸರನ್ನು ಪುಸ್ತಕದ ಕೊನೆಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದರು.

ಆದ್ದರಿಂದ ಯಾರೇ ವಿಚಾರಿಸಿದರೂ ನಾನು ಹೇಳುವುದು ಇದು. ಹಣ ಕಟ್ಟುವ ಮೊದಲು ಸರ್ಟಿಫಿಕೇಟ್ ಯಾವಾಗ ಕೊಡುತ್ತೀರಿ ಅಂತ ಆಮೇಲೆ ಕೇಳಿ. ನನ್ನ ಕೆಲಸವನ್ನು ಯಾರು ನೋಡುತ್ತಾರೆ, ತಿಂಗಳಿಗೆ ಎಷ್ಟು ಸಲ, ಗೋಡೆಗೆ ಹಚ್ಚುವ ದಿನ ನನ್ನದಕ್ಕೂ ಜಾಗ ಇದೆಯೇ ಅಂತ ಮೊದಲು ಕೇಳಿ. "ನೋಡೋಣಂತ" ಅಂದರೆ ಬೇರೆ ಕಡೆ ಹೋಗಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಸಂಜೆ ತರಗತಿಗಳೇ ಇವೆ, ಕೆಲಸ ಮುಗಿಸಿ ಬರುವವರಿಗಾಗಿಯೇ. ನಮ್ಮ ಕಡೆಯ ಕಾಲೇಜುಗಳೂ ಅಂಥದ್ದೊಂದನ್ನು ವರ್ಷ ವರ್ಷ ತಪ್ಪದೆ ನಡೆಸಿದರೆ ಟೇಲರುಗಳು, ಬ್ಯಾನರ್ ಬರೆಯುವವರು, ಗಣಪತಿ ಮಾಡುವವರು, ನಿವೃತ್ತರು ಬಂದು ಕೂರುತ್ತಾರೆ.

ನೌಕರಿಗೆ ಇದಲ್ಲ

ಪಕ್ಕದ ಮನೆಯ ಕಾಕಾ ಕೇಳಿದ ಪ್ರಶ್ನೆಗೂ ಕಾರಣ ಇತ್ತು, ಅದು ನನಗೆ ತಡವಾಗಿ ಗೊತ್ತಾಯಿತು. ಅವರ ಮೊಮ್ಮಗಳು ಪಿಯುಸಿ ಮುಗಿಸಿ ಡ್ರಾಯಿಂಗ್ ಟೀಚರ್ ಆಗಬೇಕು ಅಂತ ಹಟ ಹಿಡಿದಿದ್ದಳು. ನಾಲ್ಕು ವರ್ಷದ ಖರ್ಚು ಯಾರು ಹೊರುವುದು, ಇವರು ಆರು ತಿಂಗಳಲ್ಲಿ ಮುಗಿಸಿ ಬಂದರಲ್ಲ, ಹಾಗೇ ಮಾಡಿಸೋಣ ಅಂತ ಮನೆಯಲ್ಲಿ ಮಾತು ನಡೆದಿತ್ತಂತೆ. ಕೇಳಿ ಎದೆ ಧಸಕ್ ಅಂದಿತು. ನನ್ನನ್ನು ನೋಡಿ ಒಂದು ಹುಡುಗಿಯ ದಾರಿ ತಪ್ಪಬಾರದಲ್ಲ.

ಸಂಜೆ ಅವರ ಮನೆಗೆ ಹೋಗಿ ಬಿಡಿಸಿ ಹೇಳಿದೆ. ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆಗೆ ನೇಮಕಾತಿ ನಿಯಮ ಹೇಳುವ ಡಿಪ್ಲೊಮಾ ಅಥವಾ ದೃಶ್ಯಕಲಾ ಪದವಿಯೇ ಬೇಕು. ಅಲ್ಪಾವಧಿಯ ಸರ್ಟಿಫಿಕೇಟಿಗೆ ಅಲ್ಲಿ ಬೆಲೆ ಇಲ್ಲ. ಹತ್ತೊಂಬತ್ತರ ಹುಡುಗಿಗೂ ನಲವತ್ನಾಲ್ಕರ ನನಗೂ ಒಂದೇ ಲೆಕ್ಕ ನಡೆಯುವುದಿಲ್ಲ. ನನಗೆ ಆಗಲೇ ಕೆಲಸ ಇದೆ, ಅದನ್ನು ತಿದ್ದಿಕೊಳ್ಳಲು ಹೋದೆ. ಅವಳು ಕೆಲಸ ಹುಡುಕಲು ಹೋಗುವವಳು. ಶಾಲೆಯಲ್ಲಿದ್ದಾಗ ಅವಳು ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆ ಪಾಸಾಗಿದ್ದಳು, ರಾಜ್ಯದ ಪರೀಕ್ಷಾ ಮಂಡಳಿಯೇ ನಡೆಸುವ ಪರೀಕ್ಷೆ ಅದು. ಅದೂ ಹುದ್ದೆಗೆ ಸಾಲದು, ಆದರೆ ಕೈ ಇದೆ ಅನ್ನುವುದಕ್ಕೆ ಸಾಕ್ಷಿ ಅಂದೆ. ಕಾಕಾ ಬಹಳ ಹೊತ್ತು ಸುಮ್ಮನೆ ಕೂತರು. "ಬಸ್ಸಿಗೆ ರೊಕ್ಕ ಇಲ್ಲ ಅಂತೀಯಲ್ಲ ಯವ್ವಾ, ಉಳದದ್ದು ಫೀ ಎಷ್ಟಾಗ್ತದ, ಸ್ಕಾಲರ್‌ಶಿಪ್ ಏನರ ಅದೇನು?" ಅಂತ ಕೇಳಿದರು. ಮರುವಾರ ಮೂವರೂ ಕೂಡಿ ಕಾಲೇಜಿಗೆ ಹೋದೆವು. ಈ ಜೂನಿನಿಂದ ಅವಳು ಬಿ.ವಿ.ಎ. ಫೌಂಡೇಶನ್‌ನಲ್ಲಿದ್ದಾಳೆ. ಮೊನ್ನೆ ತಂಬಿಗೆ ಬರೆದು ತಂದು ತೋರಿಸಿದಳು, ನನ್ನದಕ್ಕಿಂತ ಬೇಗ ನೆಲಕ್ಕೆ ಕೂತಿದೆ.

ನನ್ನ ಸರ್ಟಿಫಿಕೇಟ್ ಟ್ರಂಕಿನಲ್ಲಿದೆ, ಮದುವೆ ಸೀರೆಯ ಕೆಳಗೆ. ಅತ್ತೆ ಅದನ್ನು ನೋಡಲು ಕೇಳಲಿಲ್ಲ. ಆದರೆ ಕೌದಿ ಹೊಲಿಯುವಾಗ ಯಾವ ತುಂಡಿನ ಪಕ್ಕ ಯಾವ ತುಂಡು ಇಡಲಿ ಅಂತ ಇತ್ತೀಚೆಗೆ ಎರಡು ಸಲ ಕೇಳಿದ್ದಾರೆ.

ಹೊಸ ಅಲ್ಪಾವಧಿ ಬ್ಯಾಚು ಜನವರಿಯಲ್ಲಿ, ಈ ಸಲ ಜಲವರ್ಣಕ್ಕೆ ಮಾತ್ರ. ಆರು ಜನ ಆದರೆ ಶನಿವಾರ ಮಧ್ಯಾಹ್ನ ಬೇರೆಯೇ ತರಗತಿ ಮಾಡುತ್ತೇನೆ, ಗೋಡೆಗೆ ಹಚ್ಚುವುದೂ ಬೇರೆಯೇ, ಅಂದಿದ್ದಾರೆ ಮೇಷ್ಟ್ರು. ಕಮಲಾಪುರದಿಂದ ನಾನು ಮತ್ತು ಅಂಗನವಾಡಿಯ ಒಬ್ಬರು, ಕಲಬುರಗಿಯಿಂದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಬೋರ್ಡ್ ಬರೆಯುವ ಹುಡುಗ ಒಬ್ಬ. ನಾಲ್ಕು ಹೆಸರು ಆಗಿವೆ. ಇನ್ನೂ ಎರಡು ಬೇಕು.